ಅಸಲಿಗೆ ಸೇರದ ಹಣ

ಗೌರಿಬಿದನೂರು
7 ಜುಲೈ 2002

ಸಿದ್ದು,

ಜೈಭೀಮ್. ನಾನು ಗಟ್ಟಿಮುಟ್ಟಾಗಿದ್ದೇನೆ. ನೀನು, ಕಲ್ಯಾಣಿ, ಅಪ್ಪ ಮೂವರೂ ಹಸಿ ಸಿಮೆಂಟಿನ ವಾಸನೆಗೆ ಒಗ್ಗಿಕೊಂಡಿದ್ದೀರಿ ಎಂದುಕೊಂಡು ಮುಂದಕ್ಕೆ ಬರೆಯುತ್ತೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನೀನು ಒಂದೇ ವರ್ಷದಲ್ಲಿ ಎರಡನ್ನೂ ಮಾಡಿದ ಧೀರ. ಮದುವೆಯ ಕಷ್ಟ ಕಲ್ಯಾಣಿ ನೋಡಿಕೊಳ್ಳುತ್ತಾಳೆ, ಮನೆಯದು ನಾವಿಬ್ಬರೂ ನೋಡಬೇಕು. ಬ್ಯಾಂಕಿನವರು ಕೊಟ್ಟ ಕಾಗದ ಓದಿದೆ. ಎರಡು ಲಕ್ಷ ಸಾಲ, ತಿಂಗಳಿಗೆ 2,273 ರೂಪಾಯಿ ಕಂತು, ಹದಿನೈದು ವರ್ಷ. ಅಪ್ಪನಿಗೆ ಈಗ ಅರವತ್ತೆರಡು. ಮನೆಪತ್ರ ಅವರ ಕೈಗೆ ಬರುವ ಹೊತ್ತಿಗೆ ಎಪ್ಪತ್ತೇಳು ಆಗಿರುತ್ತದೆ. ಅಷ್ಟು ದಿನ ಕಾಯುವುದು ನನ್ನಿಂದ ಆಗದು.

ಅದಕ್ಕೇ ಒಂದು ಯೋಚನೆ ಮಾಡಿದ್ದೇನೆ. ಕಂತು ನೀನು ಕಟ್ಟು. ಅದರ ಮೇಲೆ ತಿಂಗಳು ತಿಂಗಳೂ ನಾನು ಎರಡೂವರೆ ಸಾವಿರ ಕಳಿಸುತ್ತೇನೆ, ಅದನ್ನೂ ಸಾಲಕ್ಕೇ ಕಟ್ಟು. ಹನಿ ಹನಿಗೂಡಿದರೆ ಹಳ್ಳ. ಎಷ್ಟು ವರ್ಷಕ್ಕೆ ತೀರುತ್ತದೆ ಎಂದು ಲೆಕ್ಕ ಹಾಕಿ ತಿಳಿಸು, ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನವಾಗಲಿ. ಈ ಸಾಲ ಸಿಕ್ಕಿದ್ದು ನನ್ನ ಸಂಬಳದ ಚೀಟಿ ಇಟ್ಟು, ಜಂಟಿ ಸಾಲಗಾರಳೆಂದು ನಾನು ಸಹಿ ಹಾಕಿದ್ದರಿಂದ ಎಂದು ನೆನಪಿಸುತ್ತಿಲ್ಲ. ಆದರೂ ನೆನಪಿರಲಿ.

ಮೊದಲ ಚೆಕ್ಕು ಇದರಲ್ಲೇ ಇದೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿನ ಎಸ್.ಟಿ.ಡಿ. ಬೂತಿನ ಕೋನಪ್ಪ ಮೀಟರು ನೋಡುವುದು ಬಿಟ್ಟು ನನ್ನ ಬಾಯಿ ನೋಡುತ್ತಾನೆ. ಹಾಗಾಗಿ ಕಾಗದ.

ಸಾಲ ತೀರಿದ ದಿನ ಅಪ್ಪನಿಗೆ ಹೇಳುವ ಮಾತೊಂದಿದೆ. ಏನೆಂದು ಈಗ ಕೇಳಬೇಡ.

ನಿನ್ನ ಅಕ್ಕ
ಸಂಘಮಿತ್ರ


ಶಿಡ್ಲಘಟ್ಟ
21 ಜುಲೈ 2002

ಅಕ್ಕ,

ಜೈಭೀಮ್. ಚೆಕ್ಕು ತಲುಪಿತು, ಕಟ್ಟಿದ್ದೂ ಆಯಿತು.

ಲೆಕ್ಕ ಹಾಕಿದೆ. ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡಿನ ಹರಾಜು ಮುಗಿದ ಮೇಲೆ ಎರಡು ದಿನ ಕೂತು, ಬಿಲ್ಲಿನ ಹಿಂದೆ ಬರೆದು, ಅಳಿಸಿ, ಮತ್ತೆ ಬರೆದು ಹಾಕಿದ ಲೆಕ್ಕ ಇದು. ಹೆಚ್ಚಿಗೆ ಕಟ್ಟಿದ ಪ್ರತಿ ರೂಪಾಯಿಯೂ ಅಸಲಿನಲ್ಲಿ ಕಳೆಯುತ್ತದೆ, ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಹದಿನೈದು ವರ್ಷದ ಸಾಲ ನಾಲ್ಕೂವರೆ ವರ್ಷದಲ್ಲಿ ತೀರುತ್ತದೆ. 2006ರ ಡಿಸೆಂಬರ್. ನನಗೇ ನಂಬಿಕೆ ಬರದೆ ಕಲ್ಯಾಣಿಗೆ ತೋರಿಸಿದೆ. "ಅತ್ತಿಗೆಗೆ ಇರೋ ತಲೆ ನಿಮಗಿಲ್ಲ" ಅಂದಳು.

ಅಪ್ಪ ಬ್ಯಾಂಕಿಗೆ ನನ್ನ ಜೊತೆ ಬರಲಿಲ್ಲ. ಬಾಗಿಲವರೆಗೆ ಬಂದು ಪಾಠ ಮಾಡಿ ಕಳಿಸಿದರು. "ದುಡ್ಡು ಕಟ್ಟು, ಸೀಲ್ ಹಾಕಿಸ್ಕೋ, ಬಂದುಬಿಡು. ಅಲ್ಲಿ ನಿಂತ್ಕೊಂಡು ಅದೇನು ಇದೇನು ಅಂತ ಕೇಳಬೇಡ. ಕೇಳ್ತಾ ನಿಲ್ಲೋನು ಸಾಲ ತೀರಿಸೋಕೆ ಆಗದೆ ಇರೋನು." ಅವರು ಮೂವತ್ತು ವರ್ಷ ಚಿಂತಾಮಣಿಯಲ್ಲಿ ಬ್ಯಾಂಕ್ ಜವಾನರಾಗಿದ್ದವರು. ಮ್ಯಾನೇಜರಿಗೆ ಟೀ ಕೊಡುವಾಗ ಮೇಜಿನ ಈಚೆ ಟವಲು ಹಿಡಿದು ನಿಂತ ಎಷ್ಟು ಸಾಲಗಾರರನ್ನು ನೋಡಿದ್ದಾರೋ. ನಮ್ಮ ಮನೆಯವರು ಯಾರೂ ಹಾಗೆ ನಿಲ್ಲಬಾರದು ಎಂಬುದೇ ಅವರ ಶಪಥ. ಹಾಗಾಗಿ ಕಟ್ಟಿದೆ, ಸೀಲ್ ಹಾಕಿಸಿಕೊಂಡೆ, ಬಂದೆ.

ಅಪ್ಪನಿಗೆ ಹೇಳುವ ಮಾತು ಏನಿರಬಹುದೆಂದು ನಾನೂ ಕಲ್ಯಾಣಿಯೂ ಯೋಚಿಸಿದೆವು. ಮನೆಯಲ್ಲಿ ಪಾಲು ತಾನೆ? ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದರೆ ಅದು ಪೂರ್ತಿ ನಿನ್ನದೇ. ಅದಕ್ಕೆ ಇಷ್ಟು ಗುಟ್ಟು ಯಾಕಕ್ಕ?

ನಿನ್ನ ತಮ್ಮ
ಸಿದ್ಧಾರ್ಥ್


ಗೌರಿಬಿದನೂರು
2 ಮಾರ್ಚ್ 2003

ಸಿದ್ದು,

ಏಳು ತಿಂಗಳು ಚೆಕ್ಕಿನ ಜೊತೆ ಎರಡು ಸಾಲು ಗೀಚಿ ಕಳಿಸಿದ್ದೇನೆ, ನೀನು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಪಾಲು ಅಂದೆಯಲ್ಲ, ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಂಕಟವಾಯಿತು. ನಿನ್ನ ಮನಸ್ಸಿಗೆ ಮೊದಲು ಹೊಳೆದದ್ದು ಅದೇ ತಾನೆ? ಹೋಗಲಿ. ಹೇಳಿಬಿಡುತ್ತೇನೆ, ನಿನ್ನ ಹೊಟ್ಟೆಯಲ್ಲಿರಲಿ.

ನಮ್ಮ ಆಸ್ಪತ್ರೆಯಲ್ಲಿ ಹರಿಕೃಷ್ಣ ಎಂಬ ಲ್ಯಾಬ್ ಟೆಕ್ನಿಷಿಯನ್ ಇದ್ದಾರೆ. ಅವರನ್ನು ಮದುವೆಯಾಗಬೇಕೆಂದಿದ್ದೇನೆ. ಕೆಂಚಾರ್ಲಹಳ್ಳಿಯ ಜಮೀನಿನವರ ಮಗ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ, ಎಲ್ಲ ಇದೆ. ನಮ್ಮವರಲ್ಲ. ದಿನಕ್ಕೆ ನಲವತ್ತು ಜನರ ರಕ್ತ ನೋಡುತ್ತಾರೆ, ಯಾವ ಸೀಸೆಯಲ್ಲೂ ಜಾತಿ ಕಾಣಿಸಿಲ್ಲವಂತೆ. ಆದರೆ ಅಪ್ಪ ಚಿಕ್ಕವರಿದ್ದಾಗ ಅಂಥ ಮನೆಗಳ ಮುಂದೆ ಬೊಗಸೆಯೊಡ್ಡಿ ನೀರು ಕುಡಿದವರು. ಅವರಿಗೆ ಕಾಣಿಸುತ್ತದೆ. ಅದು ಅವರ ತಪ್ಪೂ ಅಲ್ಲ.

ಈಗ ಹೇಳಿದರೆ ಏನಾಗುತ್ತದೆ ಎಂದು ನಿನಗೇ ಗೊತ್ತು. "ನಿನ್ನ ದುಡ್ಡು ಬೇಡ, ನಿನ್ನ ಸಹಿ ಇರೋ ಮನೇನೂ ಬೇಡ" ಎಂದು ಚೀಲ ತೆಗೆದುಕೊಂಡು ಪೆರೇಸಂದ್ರಕ್ಕೆ ದೊಡ್ಡಮ್ಮನ ಮನೆಗೆ ಹೊರಟುಬಿಡುತ್ತಾರೆ. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿದ್ದು ಈಗ ಒಂದು ಸೂರು ಕಂಡಿದ್ದಾರೆ, ನನ್ನಿಂದ ಅದು ತಪ್ಪಬಾರದು. ಅದಕ್ಕೇ ಮೊದಲು ಸಾಲ ತೀರಲಿ. ಪತ್ರ ಅಪ್ಪನ ಕೈಗೆ ಬರಲಿ. ಆಮೇಲೆ ಹೇಳುತ್ತೇನೆ. ಕೋಪ ಮಾಡಿಕೊಂಡರೆ ಸ್ವಂತ ಮನೆಯಲ್ಲಿ ಕೂತು ಮಾಡಿಕೊಳ್ಳಲಿ.

ಹರಿಕೃಷ್ಣ ಕಾಯುತ್ತೇನೆ ಅಂದಿದ್ದಾರೆ. ನನಗೆ ಈಗ ಮೂವತ್ತು, ಆಗ ಮೂವತ್ತಮೂರು ದಾಟಿರುತ್ತದೆ. ಹೆರಿಗೆ ವಾರ್ಡಿನಲ್ಲಿ ದಿನಾ ಇಪ್ಪತ್ತರ ಹುಡುಗಿಯರ ಮಕ್ಕಳನ್ನು ಎತ್ತಿಕೊಳ್ಳುವ ನರ್ಸಿಗೆ ಆ ಲೆಕ್ಕ ಚೆನ್ನಾಗಿ ಬರುತ್ತದೆ. ನೀನು ಒಂದು ತಿಂಗಳೂ ತಪ್ಪಿಸದೆ ಕಟ್ಟು, ಅಷ್ಟು ಸಾಕು.

ಸಂಘಮಿತ್ರ


ಶಿಡ್ಲಘಟ್ಟ
28 ಆಗಸ್ಟ್ 2004
(ಅಂಚೆಗೆ ಹಾಕದ ಪತ್ರ)

ಅಕ್ಕ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಇದು ಮೂರನೆಯ ಹಾಳೆ.

ಇವತ್ತು ಮಾರ್ಕೆಟ್ ಆಫೀಸಿನಲ್ಲಿ ತೆರಿಗೆ ಲೆಕ್ಕಕ್ಕೆಂದು ಮನೆಸಾಲದ ಬಡ್ಡಿಯ ಸರ್ಟಿಫಿಕೇಟು ಕೇಳಿದರು. ಅದನ್ನು ತರುವುದಕ್ಕೆ ಬ್ಯಾಂಕಿಗೆ ಹೋದೆ. ಇಷ್ಟು ಹೆಚ್ಚಿಗೆ ಕಟ್ಟಿದರೂ ಬಡ್ಡಿ ಹೆಚ್ಚೇನೂ ಇಳಿದಿರಲಿಲ್ಲ. ತಪ್ಪಾಗಿದೆ ಎಂದುಕೊಂಡು, ಮೊದಲ ಸಲ, ಕೌಂಟರಿನಲ್ಲಿ ನಿಂತು ಕೇಳಿದೆ. ಶ್ಯಾಮಲಮ್ಮ ಅಂತ ವಯಸ್ಸಾದ ಹೆಂಗಸು, ಒಳ್ಳೆಯವರು. ಕಂಪ್ಯೂಟರ್ ನೋಡಿ ಹೇಳಿದರು: "ನೀವು ಹೆಚ್ಚಿಗೆ ಕಟ್ತಿರೋದೆಲ್ಲ ಮುಂದಿನ ಕಂತಿಗೆ ಅಂತ ಹಾಗೇ ಇದೆಯಲ್ಲಪ್ಪ. ಅಸಲಿಗೆ ಹಾಕ್ಕೊಳಿ ಅಂತ ಒಂದು ಅರ್ಜಿ ಕೊಡಬಾರ್ದಾಗಿತ್ತಾ? ಇಬ್ರೂ ಸಹಿ ಹಾಕಿ ಕೊಟ್ಟಿದ್ರೆ ಆಗೋದು. ಸಾಲದ ಕಾಗದದಲ್ಲೇ ಬರೆದಿದೆ. ಒಂದ್ ಮಾತು ಕೇಳಿದ್ರೆ ನಾನೇ ಫಾರಂ ಕೊಡ್ತಿದ್ದೆ."

ಒಂದು ಮಾತು. ಇಪ್ಪತ್ತಾರು ತಿಂಗಳು ಹೋಗಿ ಬಂದಿದ್ದೇನೆ, ಒಂದು ಮಾತು ಕೇಳಿಲ್ಲ. ಕೇಳಿದರೆ ಎಲ್ಲಿ ಗೊತ್ತಿಲ್ಲದವನ ಹಾಗೆ ಕಾಣುತ್ತೇನೋ ಎಂದು ಚಲನ್ ತುಂಬಿ, ಸೀಲ್ ಹಾಕಿಸಿಕೊಂಡು, ನಾಲ್ಕು ನಿಮಿಷದಲ್ಲಿ ಹೊರಗೆ ಬರುತ್ತಿದ್ದೆ. ಬೀದಿಯಲ್ಲಿ ಎದೆ ಉಬ್ಬಿಸಿ ನಡೆಯುತ್ತಿದ್ದೆ. ನಿನ್ನ ಅರವತ್ತೈದು ಸಾವಿರ ಅಲ್ಲಿ ಸುಮ್ಮನೆ ಕೂತಿದೆ. ಸಾಲ ಹದಿನೈದು ವರ್ಷದ್ದೇ.

"ಏನೂ ಗಾಬರಿಯಾಗಬೇಡಿ, ಈಗ ಅರ್ಜಿ ಕೊಟ್ಟರೂ ಆಗುತ್ತೆ. ಇಲ್ಲ ಅಂದ್ರೆ ಇನ್ನೂ ಎರಡು ವರ್ಷ ಕಂತು ಕಟ್ಟದೆ ಇದ್ರೂ ನಡೆಯುತ್ತೆ" ಅಂದರು. ಫಾರಂ ಕೊಟ್ಟರು. ನಿನ್ನ ಸಹಿಯೂ ಬೇಕು. ಸಹಿ ಬೇಕೆಂದರೆ ನಿನಗೆ ಹೇಳಬೇಕು. ಬೇರೆ ಕಾಗದಗಳ ನಡುವೆ ಇಟ್ಟು, ಇಲ್ಲಿ ಸಹಿ ಹಾಕು ಎಂದು ಕಳಿಸಿದರೆ ಹೇಗೆ ಎಂದೂ ಯೋಚಿಸಿದೆ. ಅಷ್ಟು ಕೆಟ್ಟವನಾಗಲು ಧೈರ್ಯ ಸಾಲಲಿಲ್ಲ.

ನಾಳೆ ಇದನ್ನು ಪೋಸ್ಟ್ ಮಾಡುತ್ತೇನೆ.


ಶಿಡ್ಲಘಟ್ಟ
12 ಅಕ್ಟೋಬರ್ 2004

ಅಕ್ಕ,

ಕಲ್ಯಾಣಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನೀನು ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮಿಗೆ ಬಂದು ತಿಂಗಳು ತುಂಬದೆ ಹುಟ್ಟಿದ ಮಗುವಿನ ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ಹದಿನೊಂದು ದಿನ ಕೂತಿರದಿದ್ದರೆ ಏನಾಗುತ್ತಿತ್ತೋ. ಅಪ್ಪ ಮೊಮ್ಮಗಳಿಗೆ "ಏಮಮ್ಮಾ, ಬಂದ್ಯಾ" ಎಂದು ತೆಲುಗು ಕನ್ನಡ ಎರಡರಲ್ಲೂ ಮಾತಾಡಿಸುತ್ತಾರೆ. ಮಗು ಎರಡಕ್ಕೂ ಅಳುತ್ತದೆ.

ಬಿಲ್ಲಿಗೆ ಹಣ ಎಲ್ಲಿಂದ ತಂದೆ ಎಂದು ನೀನು ಕೇಳಿದ್ದೆ. ನೌಕರರ ಸೊಸೈಟಿಯಲ್ಲಿ ಸಿಕ್ಕಿತು. ನೀನು ಅದರ ಯೋಚನೆ ಮಾಡಬೇಡ.

ಬ್ಯಾಂಕಿನ ವಿಷಯ ಎಲ್ಲ ಸರಿಯಾಗಿದೆ. ತಿಂಗಳು ತಿಂಗಳೂ ಹೋಗುತ್ತಿದ್ದೇನೆ. ಒಂದು ತಿಂಗಳೂ ತಪ್ಪಿಲ್ಲ. ಎಲ್ಲ ಸರಿಯಾಗಿದೆ.

ಸಿದ್ಧಾರ್ಥ್


ಗೌರಿಬಿದನೂರು
18 ಅಕ್ಟೋಬರ್ 2005

ಸಿದ್ದು,

ಒಂದು ವರ್ಷದಲ್ಲಿ ನಿನ್ನಿಂದ ಬಂದದ್ದು ನಾಲ್ಕು ಕಾರ್ಡು. ನಾಲ್ಕರಲ್ಲೂ "ಎಲ್ಲ ಸರಿಯಾಗಿದೆ." ಸರ್ಕಾರಿ ಸುತ್ತೋಲೆಯಲ್ಲಿ ಕೂಡ ಇದಕ್ಕಿಂತ ಹೆಚ್ಚು ಸಮಾಚಾರ ಇರುತ್ತದೆ ಕಣೋ. ಮಗುವಿಗೆ ಎಷ್ಟು ಹಲ್ಲು ಬಂದಿದೆ ಎಂದಾದರೂ ಬರೆಯಬಾರದೇ?

ಒಂದು ಸಣ್ಣ ಕೆಲಸ. ಸಾಲದ ಖಾತೆಯ ಪಟ್ಟಿ, ಈಗ ಎಷ್ಟು ಬಾಕಿ ಇದೆ ಎಂಬುದರದ್ದು, ಬ್ಯಾಂಕಿನಲ್ಲಿ ತೆಗೆಸಿ ಒಂದು ಜೆರಾಕ್ಸ್ ಕಳಿಸು. ಹರಿಕೃಷ್ಣ ನೋಡಬೇಕಂತೆ. ಅವಸರವಿಲ್ಲ, ಆದರೆ ಮರೆಯಬೇಡ.

ನಾನು ಈಗ ಕ್ವಾರ್ಟರ್ಸಿನಲ್ಲಿ ಆಯಾ ಆಂಜಿನಮ್ಮನ ಜೊತೆ ಇದ್ದೇನೆ, ಬಾಡಿಗೆ ಅರ್ಧ. ಗೊರಕೆ ಮಾತ್ರ ಪೂರ್ತಿ ಅವಳದೇ.

ಸಂಘಮಿತ್ರ


ಶಿಡ್ಲಘಟ್ಟ
25 ಅಕ್ಟೋಬರ್ 2005

ಅಕ್ಕ,

ನಿನ್ನ ಕಾಗದ ಓದಿ ಬೇಜಾರಾಯಿತು. ಮೂರು ವರ್ಷದ ಮೇಲಾಯಿತು, ಒಂದು ದಿನವೂ ಕೇಳದ ನೀನು ಈಗ ಪಟ್ಟಿ ಕೇಳುತ್ತಿದ್ದೀಯ. ನೀನು ಕೇಳಿದ್ದರೆ ನನಗೆ ಏನೂ ಅನಿಸುತ್ತಿರಲಿಲ್ಲ. ಬೇರೆಯವರ ಮಾತು ಕಟ್ಟಿಕೊಂಡು ಕೇಳುತ್ತಿದ್ದೀಯ. ನಮ್ಮ ಮನೆಯ ಲೆಕ್ಕವನ್ನು ಕೆಂಚಾರ್ಲಹಳ್ಳಿಯವರಿಗೆ ತೋರಿಸಬೇಕೇ? ಅವರಿಗೆ ನಾವು ಲೆಕ್ಕ ಒಪ್ಪಿಸುವ ಕಾಲ ಇನ್ನೂ ಮುಗಿದಿಲ್ಲವೇ?

ತಮ್ಮನ ಮೇಲೆ ನಂಬಿಕೆ ಇಲ್ಲದಿದ್ದರೆ ನೀನೇ ಬಂದು ಕಟ್ಟಬಹುದು. ನನಗೂ ಮಾರ್ಕೆಟ್ಟಿನ ಕೆಲಸ ಬಿಟ್ಟು ಹೋಗುವುದು ತಪ್ಪುತ್ತದೆ.

ಸಿದ್ಧಾರ್ಥ್


ಗೌರಿಬಿದನೂರು
3 ನವೆಂಬರ್ 2005

ನನ್ನಪ್ಪ ಸಿದ್ದು,

ತಪ್ಪಾಯಿತು. ನಿನ್ನ ಕಾಗದವನ್ನು ಡ್ಯೂಟಿಯಲ್ಲೇ ಓದಿದೆ, ಓದಿ ಔಷಧಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ನಾಚಿಕೆಯಾಯಿತು. ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ, ಆಗಿನಿಂದ ನಿನಗೆ ಊಟ ಬಡಿಸಿದವಳು ನಾನು. ನಿನ್ನನ್ನು ಲೆಕ್ಕ ಕೇಳುವ ಮಟ್ಟಕ್ಕೆ ಬಂದೆನಲ್ಲ.

ಹರಿಕೃಷ್ಣ ಅನುಮಾನದಿಂದ ಕೇಳಿದ್ದಲ್ಲ. ಬಾಕಿ ಇಳಿಯುವುದನ್ನು ನೋಡುತ್ತಿದ್ದರೆ ಕಾಯುವುದು ಸುಲಭವಾಗುತ್ತದೆ ಎಂದು ಆಸೆಯಿಂದ ಕೇಳಿದರು. ಅದನ್ನು ನಾನು ಸರಿಯಾಗಿ ಬರೆಯಲಿಲ್ಲ. ಪಟ್ಟಿ ಕಳಿಸಬೇಡ. ನನಗೆ ಬೇಡ.

ಈ ತಿಂಗಳಿನಿಂದ ಮೂರು ಸಾವಿರ ಕಳಿಸುತ್ತೇನೆ. ನೀನು ಬಿಸಿಲಲ್ಲಿ ಬ್ಯಾಂಕಿಗೆ ಅಲೆಯುವುದು ಒಂದೆರಡು ತಿಂಗಳಾದರೂ ಕಡಿಮೆಯಾಗಲಿ. ಅಕ್ಕನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ ಕಣೋ.

ಮಿತ್ರಕ್ಕ


ಗೌರಿಬಿದನೂರು
14 ನವೆಂಬರ್ 2006

ಸಿದ್ದು,

ಒಂದು ವರ್ಷ ನೀನು ಬರೆಯಲಿಲ್ಲ. ನಾನು ಹಬ್ಬಕ್ಕೆ ಬಂದಾಗಲೂ ನೀನು ಎದುರಿಗೆ ನಿಲ್ಲಲಿಲ್ಲ, ಮಾರ್ಕೆಟ್ಟಿನಲ್ಲಿ ಗೂಡಿನ ಲಾಟು ಜಾಸ್ತಿ ಎಂದು ಹೊರಟೆ. ನನ್ನ ಆ ಕಾಗದದ ನೋವು ಇನ್ನೂ ಇದೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಈಗ ಅದನ್ನೆಲ್ಲ ಬಿಡು. ದಿನ ಬಂತು.

ಡಿಸೆಂಬರ್ ಹತ್ತು, ಭಾನುವಾರ. ನಾನೂ ಹರಿಕೃಷ್ಣನೂ ಬರುತ್ತೇವೆ. ಅಷ್ಟರೊಳಗೆ ಕೊನೆಯ ಕಂತು ಕಟ್ಟಿ ಪತ್ರ ತಂದಿಟ್ಟಿರು. ಅಪ್ಪನ ಕೈಗೆ ನಾನು ಕೊಡಬೇಕು, ಆ ಸಂತೋಷದಲ್ಲಿ ಅವರು ಒಂದು ನಿಮಿಷ ಮೆತ್ತಗಾಗುತ್ತಾರೆ, ಆ ಒಂದು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಎಷ್ಟು ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೇನೆಂದರೆ ಆಂಜಿನಮ್ಮನಿಗೂ ಬಾಯಿಪಾಠ ಬರುತ್ತದೆ.

ಹೊಸ ಸೀರೆ ತೆಗೆದುಕೊಂಡೆ. ನಾಲ್ಕು ವರ್ಷದಲ್ಲಿ ಮೊದಲನೆಯದು. ಬಣ್ಣ ಹೇಳುವುದಿಲ್ಲ.

ಸಂಘಮಿತ್ರ


ಶಿಡ್ಲಘಟ್ಟ
26 ನವೆಂಬರ್ 2006

ಅಕ್ಕ,

ಹತ್ತನೇ ತಾರೀಖು ಬರಬೇಡ. ಇದರ ಜೊತೆ ಇನ್ನೊಂದು ಕಾಗದ ಇದೆ, ಎರಡು ವರ್ಷದ ಹಿಂದೆ ಬರೆದು ಅಂಚೆಗೆ ಹಾಕದೆ ಇಟ್ಟದ್ದು. ಮೊದಲು ಅದನ್ನು ಓದಿ ಆಮೇಲೆ ಇದನ್ನು ಓದು.

ಓದಿದೆಯಾ? ಅಲ್ಲಿಗೆ ಮುಗಿದಿದ್ದರೆ ಅದು ದಡ್ಡತನ. ದಡ್ಡನಿಗೆ ಕ್ಷಮೆ ಇದೆ. ಮುಂದಿನದು ದಡ್ಡತನ ಅಲ್ಲ.

ಆ ಕಾಗದ ಬರೆದ ಹನ್ನೆರಡು ದಿನಕ್ಕೆ ಕಲ್ಯಾಣಿಗೆ ಹೆರಿಗೆಯ ಆಪರೇಷನ್ ಆಯಿತು. ಆ ತಿಂಗಳು ನಿನ್ನ ಎರಡೂವರೆ ಸಾವಿರವನ್ನೇ ಕಂತು ಎಂದು ಕಟ್ಟಿ, ನನ್ನ ಕಂತಿನ ಹಣವನ್ನು ಆಸ್ಪತ್ರೆಗೆ ಕೊಟ್ಟೆ. ಒಂದೇ ತಿಂಗಳು ಎಂದುಕೊಂಡಿದ್ದೆ. ಮುಂದಿನ ತಿಂಗಳು ಸೊಸೈಟಿ ಸಾಲದ ನೆಪ. ಅದು ತೀರಿದ ಮೇಲೆ ಯಾವ ನೆಪವೂ ಇರಲಿಲ್ಲ, ಅಭ್ಯಾಸ ಮಾತ್ರ ಇತ್ತು. ಬೈಕು ತೆಗೆದುಕೊಂಡೆ. ನೀನು ಬಂದಾಗ ಅದನ್ನು ಸಹೋದ್ಯೋಗಿಯದು ಎಂದೆ. ಆವತ್ತಿನಿಂದ ಇವತ್ತಿನವರೆಗೆ ನನ್ನ ಕೈಯಿಂದ ಸಾಲಕ್ಕೆ ಒಂದು ರೂಪಾಯಿಯೂ ಹೋಗಿಲ್ಲ. ಸುಮಾರು ಅರವತ್ತು ಸಾವಿರ ಉಳಿಸಿಕೊಂಡಿದ್ದೇನೆ. ಉಳಿಸಿಕೊಂಡಿದ್ದೇನೆ ಅಂತಲೂ ಹೇಳುವ ಹಾಗಿಲ್ಲ, ತಿಂದಿದ್ದೇನೆ. ಅಸಲು ಒಂದು ಲಕ್ಷದ ಎಪ್ಪತ್ತು ಸಾವಿರ ಹಾಗೇ ಬಾಕಿ ಇದೆ. ಅಲ್ಲಿ ಸುಮ್ಮನೆ ಕೂತಿರುವ ನಿನ್ನ ಅರವತ್ತೈದು ಸಾವಿರ ಸೇರಿಸಿದರೂ ಲಕ್ಷದ ಮೇಲೆ ಉಳಿಯುತ್ತದೆ.

ನೀನು ಪಟ್ಟಿ ಕೇಳಿದಾಗ ಹಾರಾಡಿದೆನಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಪ್ಪ ಬೊಗಸೆಯೊಡ್ಡಿದ್ದನ್ನು ನನ್ನ ಕಳ್ಳತನ ಮುಚ್ಚುವುದಕ್ಕೆ ಬಳಸಿಕೊಂಡೆ. ಅದಕ್ಕೆ ನೀನು ತಪ್ಪಾಯಿತು ಎಂದು ಬರೆದೆ. ಐನೂರು ಹೆಚ್ಚಿಗೆ ಕಳಿಸಿದೆ. ಆ ಕಾಗದವನ್ನು ಮನೆಯಲ್ಲಿಡಲು ಆಗಲಿಲ್ಲ, ಆಫೀಸಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಒಂದು ವರ್ಷ ಬರೆಯಲಿಲ್ಲ ಅಂದೆಯಲ್ಲ, ಮೊಬೈಲೂ ತೆಗೆದುಕೊಂಡಿದ್ದೇನೆ ಅಕ್ಕ, ನಂಬರನ್ನು ನಿನಗೆ ಕೊಡಲಿಲ್ಲ. ಮಾತಾಡಿದರೆ ದನಿಯಲ್ಲೇ ಹಿಡಿಯುತ್ತೀಯ.

ನಿನ್ನ ಮದುವೆ ಇದರ ಮೇಲೆ ನಿಂತಿದೆ ಎಂದು ಗೊತ್ತಿದ್ದೇ ಮಾಡಿದ್ದೇನೆ. ನಾಚಿಕೆಯಾಗುತ್ತದೆ ಎಂದು ಬರೆಯಲೂ ನಾಚಿಕೆ. ಕಲ್ಯಾಣಿಗೆ ನಿನ್ನೆ ಹೇಳಿದೆ. ಅವಳು ನನ್ನ ತಟ್ಟೆಗೆ ಅನ್ನ ಹಾಕಿ ಎದ್ದು ಹೋದಳು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಸಿದ್ಧಾರ್ಥ್


ಗೌರಿಬಿದನೂರು
7 ಜನವರಿ 2007

ಸಿದ್ದು,

ಆರು ವಾರ ನಿನ್ನನ್ನು ಕಾಯಿಸಿದೆ. ನಿನಗೆ ಶಿಕ್ಷೆ ಕೊಡುವುದಕ್ಕೆ ಎಂದು ನೀನು ತಿಳಿದಿರುತ್ತೀಯ. ಹಾಗಿದ್ದಿದ್ದರೆ ನನಗೂ ಸುಲಭವಾಗುತ್ತಿತ್ತು.

ನಿನಗೆ ಬೈಯಬೇಕೆಂದು ಮೂರು ಸಲ ಕೂತೆ. ಬರಲಿಲ್ಲ. ಯಾಕೆಂದು ಹೇಳುತ್ತೇನೆ, ಇದನ್ನು ಓದಿ ಹರಿದುಹಾಕು. ಒಂದು ಲಕ್ಷದ ಎಪ್ಪತ್ತು ಸಾವಿರ ಬಾಕಿ ಎಂದು ಓದಿದಾಗ ನನಗೆ ಮೊದಲು ಆದದ್ದು ಸಿಟ್ಟಲ್ಲ, ಸಮಾಧಾನ. ಅಬ್ಬ, ಡಿಸೆಂಬರ್ ಹತ್ತಕ್ಕೆ ಅಪ್ಪನ ಮುಂದೆ ನಿಲ್ಲಬೇಕಾಗಿಲ್ಲ ಎಂದು. ಎದೆ ಹಗುರವಾಯಿತು ಕಣೋ. ಆಮೇಲೆ, ಎಷ್ಟೋ ಹೊತ್ತಾದ ಮೇಲೆ, ಹರಿಕೃಷ್ಣನ ನೆನಪು ಬಂತು.

ಅಪ್ಪನ ಸೂರು, ಅಪ್ಪನ ಪತ್ರ ಎಂದೆಲ್ಲ ಹೇಳಿಕೊಂಡು ನಾಲ್ಕೂವರೆ ವರ್ಷ ಆ ಮನುಷ್ಯನನ್ನು ಕಾಯಿಸಿದೆ. ನಿಜ ಏನೆಂದರೆ ನನಗೆ ಹೆದರಿಕೆ. ಸಾಲ ಇರುವವರೆಗೆ ಹೇಳದೆ ಇರುವುದಕ್ಕೆ ಒಂದು ಕಾರಣ ಇತ್ತು, ತಿಂಗಳು ತಿಂಗಳೂ ಎರಡೂವರೆ ಸಾವಿರ ಕಟ್ಟಿ ನಾನು ಆ ಕಾರಣವನ್ನು ಉಳಿಸಿಕೊಂಡೆ. ನೀನು ನನ್ನ ಹಣ ತಿಂದೆ. ನಾನು ಅವರ ವರ್ಷಗಳನ್ನು ತಿಂದೆ. ಕಳ್ಳಿ ಕಳ್ಳನಿಗೆ ಏನೆಂದು ಬೈಯಲಿ?

ನಿನ್ನ ಕಾಗದವನ್ನು ಅವರಿಗೆ ಕೊಟ್ಟೆ. ನನ್ನ ಸಮಾಧಾನದ ವಿಷಯವನ್ನೂ ಹೇಳಿದೆ. ಮೈಕ್ರೋಸ್ಕೋಪು ಒರೆಸುತ್ತಾ ಕೂತಿದ್ದರು. ಆಮೇಲೆ ಹೇಳಿದರು, "ನಾನು ನಮ್ಮನೇಲಿ ಹೇಳಿ ಎರಡೂವರೆ ವರ್ಷ ಆಯ್ತು ಮಿತ್ರ. ನಮ್ಮಮ್ಮ ಬಡಿಸ್ತಾರೆ, ಮಾತಾಡಲ್ಲ. ನಿಮಗೆ ಹೇಳಿದ್ರೆ ಅವಸರ ಮಾಡ್ದಂಗೆ ಆಗುತ್ತೆ ಅಂತ ಸುಮ್ನಿದ್ದೆ." ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅವರು ಹೇಳಿದ ಮೇಲೂ ಅಷ್ಟು ವರ್ಷ ನಾನು ಒಳ್ಳೆಯ ಮಗಳಾಗಿದ್ದೆ.

ಸಾಲ ತೀರುವವರೆಗೆ ಕಾಯುವುದಿಲ್ಲ. ನಾಡಿದ್ದು ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಗೆ ನೋಟಿಸ್ ಕೊಡುತ್ತೇವೆ. ಜನವರಿ ಇಪ್ಪತ್ತೊಂದು, ಭಾನುವಾರ, ಇಬ್ಬರೂ ಶಿಡ್ಲಘಟ್ಟಕ್ಕೆ ಬರುತ್ತೇವೆ. ನನ್ನ ಮಾತನ್ನು ನಾನೇ ಅಪ್ಪನಿಗೆ ಹೇಳುತ್ತೇನೆ. ನಿನ್ನದನ್ನು ನೀನು ಹೇಳು, ನಾವು ಬರುವುದಕ್ಕೆ ಮುಂಚೆ. ಒಂದೇ ದಿನ ಎರಡನ್ನೂ ಅವರ ಮೇಲೆ ಹಾಕಬೇಡ.

ಅಸಲಿಗೆ ಹಾಕಿಕೊಳ್ಳಿ ಎಂಬ ಅರ್ಜಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ, ನೀನೂ ಸಹಿ ಮಾಡಿ ಕೊಡು. ಇನ್ನು ಮುಂದೆ ಕಂತು ನೀನು ಕಟ್ಟುತ್ತೀಯ. ಮೇಲಿನ ಹಣವನ್ನೂ ನೀನೇ ಕಟ್ಟುತ್ತೀಯ, ಆ ಅರವತ್ತು ಸಾವಿರ ಮುಗಿಯುವವರೆಗೆ. ನಾನು ಸಾವಿರ ಕಳಿಸುತ್ತೇನೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ, ನನಗೂ ಒಂದು ಮನೆ ಹೂಡುವುದಿದೆ.

ಸಂಘಮಿತ್ರ


ಶಿಡ್ಲಘಟ್ಟ
15 ಜನವರಿ 2007

ಅಕ್ಕ,

ಅರ್ಜಿ ಇವತ್ತು ಕೊಟ್ಟೆ. ಶ್ಯಾಮಲಮ್ಮ ರಿಟೈರಾಗಿದ್ದಾರೆ. ಹೊಸ ಹುಡುಗ ಅದನ್ನು ಎರಡು ಸಲ ಓದಿ, "ಇಷ್ಟು ದಿನ ಯಾಕೆ ಸಾರ್ ಬಿಟ್ರಿ?" ಎಂದು ಕೇಳಿದ. ಗೊತ್ತಿರಲಿಲ್ಲ ಎಂದೆ. ಹೇಳುವುದಕ್ಕೆ ಎರಡು ಸೆಕೆಂಡು ಸಾಕಾಯಿತು. ಬೈಕನ್ನು ಮಾರ್ಕೆಟ್ಟಿನ ಕೊಂಡಪ್ಪನಿಗೆ ಹದಿನೆಂಟು ಸಾವಿರಕ್ಕೆ ಕೊಟ್ಟು, ಆ ಹಣವನ್ನೂ ಅಸಲಿಗೇ ಹಾಕಿಸಿದೆ.

ಅಪ್ಪನಿಗೆ ನಿನ್ನೆ ಸಂಜೆ ಹೇಳಿದೆ. ಸಂಕ್ರಾಂತಿಯ ಎಳ್ಳು ಆರಿಸುತ್ತಾ ಕೂತಿದ್ದರು, ಮಗು ಅವರ ತೊಡೆಯ ಮೇಲಿತ್ತು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ, ನೀನು ಭಾನುವಾರ ಬರುವುದನ್ನೂ ಹೇಳಿದೆ, ನಿನ್ನ ಮಾತೊಂದು ಬಿಟ್ಟು. "ನಾನೇ ನಿನಗೆ ಬ್ಯಾಂಕಲ್ಲಿ ನಿಂತು ಕೇಳಬೇಡ ಅಂದಿದ್ದೆ" ಎಂದು ಅವರೂ ಸ್ವಲ್ಪ ತಮ್ಮ ಮೇಲೆ ಹಾಕಿಕೊಳ್ಳುತ್ತಾರೇನೋ ಎಂಬ ಆಸೆ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಹಾಗೇನೂ ಅನ್ನಲಿಲ್ಲ. ಎಳ್ಳಿನ ಮೊರ ಪಕ್ಕಕ್ಕಿಟ್ಟು ಕೇಳಿದರು.

"ಏಮ್ರಾ, ಅವಳಿಗೆ ಗೊತ್ತಾ?"

"ಗೊತ್ತಪ್ಪ. ಎಲ್ಲ ಬರೆದೆ."

"ಬೈದಳಾ?"

"ಇಲ್ಲ."

ಅಪ್ಪ ನನ್ನ ಮುಖವನ್ನೇ ನೋಡಿದರು. "ಒಂದು ಮಾತೂ ಬೈಲಿಲ್ವಾ? ನೀನು ಸ್ಲೇಟು ಒಡೆದಿದ್ದಕ್ಕೆ ಮೂರು ದಿನ ಬೈದೋಳು ಅವಳು. ಅರವತ್ತು ಸಾವಿರಕ್ಕೆ ಸುಮ್ನವಳೆ ಅಂದ್ರೆ ಒಳಗಡೆ ಏನೋ ಇಟ್ಕೊಂಡವಳೆ. ತಾನೇ ಏನೋ ತಪ್ಪು ಮಾಡಿದೋಳ ಥರ ಅವಳೆ."

ನಾನು ಎಳ್ಳಿನ ಮೊರವನ್ನು ನನ್ನ ಕಡೆ ಎಳೆದುಕೊಂಡೆ. ಅದು ಏನೆಂದು ಅವರು ಕೇಳಲಿಲ್ಲ. ಮಗುವನ್ನು ಕಲ್ಯಾಣಿಗೆ ಕೊಟ್ಟು ಎದ್ದರು, ಒಳಗೆ ಹೋದರು, ಬಂದರು. ಬಸ್ಸಿಗೆ ಎಂದು ನೂರು ರೂಪಾಯಿಯ ನೋಟು ನನ್ನ ಕೈಗಿಟ್ಟರು. ಅವರ ಪಿಂಚಣಿಯ ದುಡ್ಡು.

"ಭಾನುವಾರ ಅವಳು ಬರೋಕ್ ಮುಂಚೆ ನೀನು ಹೋಗು. ಹೋಗಿ ಬೈಸ್ಕೊಂಡು ಬಾ. ನಿನ್ನನ್ನ ಚೆನ್ನಾಗಿ ಬೈದ್ರೆ ಅವಳು ನನ್ನ ಹತ್ರ ತಲೆ ಎತ್ಕೊಂಡು ಮಾತಾಡ್ತಾಳೆ. ಅದೇನೇ ಇರಲಿ, ತಲೆ ತಗ್ಗಿಸ್ಕೊಂಡು ಬಂದ್ರೆ ನಾನು ಕೇಳಕ್ಕಾಗಲ್ಲ."

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ, ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಹತ್ತಿ ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿರುತ್ತೇನೆ. ಕಳ್ಳಿ ಕಳ್ಳ ಎಂದೆಲ್ಲ ನ್ಯಾಯ ತೂಗಬೇಡ. ಹರಿಕೃಷ್ಣ ಅವರು ಇದ್ದರೂ ಪರವಾಗಿಲ್ಲ, ಆಂಜಿನಮ್ಮ ಕೇಳಿಸಿಕೊಂಡರೂ ಪರವಾಗಿಲ್ಲ. ಮೊದಲು ಬಾಯಿತುಂಬ ಬೈಯಿ ಅಕ್ಕ, ಆಮೇಲೆ ಊಟಕ್ಕೆ ಕರಿ.

ನಿನ್ನ ತಮ್ಮ
ಸಿದ್ದು